ಜ್ವರ, ರಜೆ ಮತ್ತು ಪ್ರಮಾಣಪತ್ರ: ಉತ್ತರ ಕನ್ನಡ ಕರಾವಳಿಯ ಕಚೇರಿಗಳ ಚರಿತ್ರೆಯಿಂದ

ಸೇವೆಯಲ್ಲಿರುವವನು ಕಾಯಿಲೆ ಬಿದ್ದಾಗ ಅವನ ಸಂಬಳವನ್ನು ಕೊಡತಕ್ಕವರು ಯಾರು, ಅವನ ಕಾಯಿಲೆ ನಿಜವೆಂದು ಹೇಳತಕ್ಕವರು ಯಾರು ಎಂಬ ಎರಡು ಪ್ರಶ್ನೆಗಳು ಆಡಳಿತದ ಚರಿತ್ರೆಯಲ್ಲಿ ಒಟ್ಟೊಟ್ಟಿಗೇ ನಡೆದು ಬಂದಿವೆ. ಮೊದಲನೆಯ ಪ್ರಶ್ನೆಗೆ ಉತ್ತರ ಉದಾರವಾದಷ್ಟೂ ಎರಡನೆಯದು ಬಿಗಿಯಾಗುತ್ತ ಹೋದುದನ್ನು ನಾವು ಕಾಣುತ್ತೇವೆ. ಅನಾರೋಗ್ಯ ರಜೆಯ ದುರುಪಯೋಗವನ್ನು ಸಾಮಾನ್ಯವಾಗಿ ನೌಕರನ ಶೀಲಕ್ಕೆ ಸಂಬಂಧಿಸಿದ ದೋಷವೆಂದು ಭಾವಿಸುವುದು ವಾಡಿಕೆ. ಮೇಲಧಿಕಾರಿಗಳ ಟಿಪ್ಪಣಿಗಳಲ್ಲಿ ಅದು ಹಾಗೆಯೇ ಬರುತ್ತದೆ. ಪ್ರಸ್ತುತ ಲೇಖನದಲ್ಲಿ ಅದನ್ನು ನಿಯಮಗಳ ಚರಿತ್ರೆಯ ಪ್ರಶ್ನೆಯಾಗಿ ನೋಡಲು ಯತ್ನಿಸಿದೆ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಘಟ್ಟದ ಮೇಲಣ ಕಾಡುಗಳಲ್ಲಿ ಒಂದು ಕಾಲಕ್ಕೆ ಹೆಸರಾಂತ ಜ್ವರವಿದ್ದ ಜಿಲ್ಲೆಯಿದು. ಆ ಕಾಡುಗಳ ಕಚೇರಿಗಳಿಗೆ ವರ್ಗವಾಗಬೇಕಾಗಿದ್ದವರಲ್ಲಿ ಘಟ್ಟದ ಕೆಳಗಿನ ಈ ಊರುಗಳ ಕಾರಕೂನರೂ ಶಿಕ್ಷಕರೂ ಇದ್ದರು. ಕಾಯಿಲೆಯೂ ಕಾಯಿಲೆಯ ನೆಪವೂ ಇಷ್ಟು ಹತ್ತಿರ ವಾಸಿಸಿದ ಸ್ಥಳಗಳು ಕಡಿಮೆ.

ಪ್ರಶ್ನೆಯ ಪ್ರಾಚೀನತೆಯನ್ನು ಕುರಿತು ಎರಡು ಮಾತು. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣವು, ವೇತನ ಪಡೆದು ಕೆಲಸ ಮಾಡದ ಭೃತ್ಯನಿಗೆ 12 ಪಣಗಳ ದಂಡವನ್ನು ವಿಧಿಸುತ್ತದೆ; ಆದರೆ ವ್ಯಾಧಿಯಲ್ಲಿಯೂ ವ್ಯಸನದಲ್ಲಿಯೂ ಅವನಿಗೆ ರಿಯಾಯಿತಿಯನ್ನು ಕೊಟ್ಟು, ಬೇರೊಬ್ಬನಿಂದ ಆ ಕೆಲಸವನ್ನು ಮಾಡಿಸಲು ಅವಕಾಶವೀಯುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವಿವರಣೆ ಇನ್ನೂ ಸೂಕ್ಷ್ಮವಾಗಿದೆ. ರೋಗವಿಲ್ಲದೆ ದರ್ಪದಿಂದ ಕೆಲಸ ಬಿಟ್ಟವನಿಗೆ ದಂಡವುಂಟು, ವೇತನವಿಲ್ಲ. ರೋಗದಿಂದ ಬಿಟ್ಟವನು ಗುಣಮುಖನಾದ ಮೇಲೆ ಒಪ್ಪಿದ ಕೆಲಸವನ್ನು ಮುಗಿಸಿದರೆ, ಎಷ್ಟು ಕಾಲ ಕಳೆದಿದ್ದರೂ ವೇತನಕ್ಕೆ ಅರ್ಹನು. ಇವೆರಡು ಗ್ರಂಥಗಳೂ ರೋಗವನ್ನೂ ಸೋಗನ್ನೂ ಬೇರ್ಪಡಿಸಿ ನೋಡಿದುವು. ಆದರೆ ಈ ವಿಧಿಗಳಲ್ಲಿ ಪ್ರಮಾಣಪತ್ರದ ಮಾತಿಲ್ಲ. ಒಡೆಯನೂ ಭೃತ್ಯನೂ ಒಬ್ಬರನ್ನೊಬ್ಬರು ಬಲ್ಲ ಸಮಾಜದಲ್ಲಿ ಕಾಗದದ ಸಾಕ್ಷಿ ಬೇಕಾಗಿರಲಿಲ್ಲವೆಂದು ಊಹಿಸಬಹುದು.

ಕಾಗದದ ಸಾಕ್ಷಿಯು ದೂರದಿಂದ ಆಳುವ ಸರಕಾರದ ಸೃಷ್ಟಿ. ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೇನಾಧಿಕಾರಿಗಳಿಗೆ 1796ರಲ್ಲಿ ರಜೆಯ ನಿಯಮಗಳನ್ನು ಮಾಡಿಕೊಟ್ಟಿತು. ವೈದ್ಯನ ಪ್ರಮಾಣಪತ್ರದ ಮೇಲೆ ಸಮುದ್ರಯಾನಕ್ಕೂ ಹೋಗುವ ಪದ್ಧತಿ ಬೆಳೆಯಿತು. ಇಲ್ಲಿ ಒಂದು ವಿನೋದದ ಸಂಗತಿಯನ್ನು ಗಮನಿಸತಕ್ಕದ್ದು. ಯೂರೋಪಿಗೆ ಹೋದ ಅಧಿಕಾರಿಯು ತನ್ನ ಹುದ್ದೆಯನ್ನೂ ಭತ್ಯೆಗಳನ್ನೂ ಕಳೆದುಕೊಳ್ಳುತ್ತಿದ್ದನು. ಕಂಪನಿಯ ಸನ್ನದಿನ ಮೇರೆಯೊಳಗೆ, ಎಂದರೆ ಆಫ್ರಿಕದ ಗುಡ್ ಹೋಪ್ ಭೂಶಿರದವರೆಗೆ, ಹೋದವನು ಅವನ್ನು ಉಳಿಸಿಕೊಳ್ಳುತ್ತಿದ್ದನು. ಪರಿಣಾಮವಾಗಿ ಭಾರತದ ಅಧಿಕಾರಿಗಳ ಪಾಲಿಗೆ ಆ ಭೂಶಿರವು ದೊಡ್ಡ ಆರೋಗ್ಯಧಾಮವಾಯಿತು. 1854ರಲ್ಲಿ ನಿಯಮ ಬದಲಾದ ಮೇಲೆ ಅದರ ಆಕರ್ಷಣೆ ಕುಂದಿತು. ಅಲ್ಲಿಯ ಗಾಳಿ ಬದಲಾಗಿರಲಿಲ್ಲ, ಬದಲಾದುದು ನಿಯಮ. ಮದರಾಸು ಆಧಿಪತ್ಯದಲ್ಲಿ ಇದೇ ಕಾಲಕ್ಕೆ, 1827ರಿಂದ 1832ರವರೆಗೆ ಗವರ್ನರನಾಗಿದ್ದ ಲಷಿಂಗ್‌ಟನ್ನನ ಪ್ರೋತ್ಸಾಹದಿಂದ, ಉದಕಮಂಡಲವು ರುಗ್ಣ ಅಧಿಕಾರಿಗಳ ತಾಣವಾಗಿ ಬೆಳೆಯಿತು.

ನಮ್ಮ ಕರಾವಳಿಯು ಆಗ ಅದೇ ಮದರಾಸಿಗೆ ಸೇರಿತ್ತು. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಜಿಲ್ಲೆಯು ಕಂಪನಿಯ ಕೈಸೇರಿ, ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾಗಿ ಬಂದನು. ಇಲ್ಲಿಯ ಎಡೆಬಿಡದ ಮಳೆಯನ್ನೂ ಕೆಲಸದ ಹೊರೆಯನ್ನೂ ತನ್ನ ಪತ್ರಗಳಲ್ಲಿ ದೂರಿಕೊಂಡು, ಬೇರೆ ಕಡೆಗೆ ಕಳುಹಿಸಬೇಕೆಂದು ಕೇಳಿ, 1800ರ ಕೊನೆಯ ವೇಳೆಗೆ ದತ್ತಮಂಡಲಗಳಿಗೆ ಹೊರಟುಹೋದನು. ಮೇಲಿನವರ ವಿಶ್ವಾಸವಿದ್ದವನಿಗೆ ಇಂಥ ನೇರವಾದ ದಾರಿ ತೆರೆದಿತ್ತು. ಅವನ ಕೈಕೆಳಗಿನ ಗುಮಾಸ್ತನು ಮಳೆಯ ಮೇಲೆ ದೂರು ಬರೆದು ವರ್ಗ ಪಡೆಯುವಂತಿರಲಿಲ್ಲ. ಅವನಿಗೆ ಉಳಿದುದು ದೇಹವೊಂದೇ. ಅದು ಕೆಟ್ಟಿದೆಯೆಂದು ಹೇಳಿದರೆ ಮಾತ್ರ ಸರಕಾರ ಕಿವಿಗೊಡುತ್ತಿತ್ತು.

1860ರ ಸುಮಾರಿಗೆ ಕೆನರಾ ಇಬ್ಭಾಗವಾಗಿ, 1862ರಲ್ಲಿ ಉತ್ತರ ಭಾಗವು ಮುಂಬಯಿ ಆಧಿಪತ್ಯಕ್ಕೆ ಸೇರಿತು. ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು. ಕುಮಟಾ ಆಗ ಹತ್ತಿಯ ರಫ್ತಿನಿಂದ ಮುಂಬಯಿಯಾಚೆಗೂ ಹೆಸರಾದ ಬಂದರು. ಹೊನ್ನಾವರವು ತಾಲೂಕಿನ ಕಚೇರಿ. ಭಟ್ಕಳವು ಅದರ ಅಧೀನದಲ್ಲಿದ್ದ ಪೇಟೆ. ಇವುಗಳ ಮೂಡಲಿಗೆ ಘಟ್ಟವೇರಿದರೆ ಸಿದ್ದಾಪುರ, ಶಿರಸಿ, ಯಲ್ಲಾಪುರ, ಸೂಪಾ. ಜಿಲ್ಲೆಯ ನೌಕರನಾದವನು ಕೆಳಗಿನಿಂದ ಮೇಲಕ್ಕೆ ವರ್ಗವಾಗುವುದು ಅನಿವಾರ್ಯವಾಗಿತ್ತು. ವರ್ಗದ ಆಜ್ಞೆಯ ಬೆನ್ನಿಗೇ ಬರುವ ಅನಾರೋಗ್ಯದ ಅರ್ಜಿ ಯಾವ ಇಲಾಖೆಗೂ ಹೊಸದಲ್ಲ. ಆದರೆ ಸೂಪಾಕ್ಕೆ ಹೋಗಲಂಜಿದ ಕುಮಟೆಯ ಕಾರಕೂನನು ಸುಳ್ಳುಗಾರನೆಂದು ಹೇಳುವ ಮೊದಲು, ಅವನು ಅಂಜಿದುದು ಯಾವುದಕ್ಕೆ ಎಂಬುದನ್ನು ತಿಳಿಯಬೇಕು.

ಅವನು ಅಂಜಿದುದು ಮಲೇರಿಯಕ್ಕೆ. ಘಟ್ಟದ ತೊರೆಗಳ ತಿಳಿನೀರಿನಲ್ಲಿ ಬೆಳೆಯುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಯು ಇಲ್ಲಿಯ ಮುಖ್ಯ ವಾಹಕವೆಂಬುದು ಈಗ ತಿಳಿದ ಸಂಗತಿ. ರೊನಾಲ್ಡ್ ರಾಸನು 1897ರಲ್ಲಿ ಸೊಳ್ಳೆಯ ಪಾತ್ರವನ್ನು ಕಂಡುಹಿಡಿಯುವವರೆಗೆ ಇದನ್ನು ಕೆಟ್ಟ ಗಾಳಿ, ಕೊಳೆತ ಎಲೆಯ ನೀರು ಎಂದೇ ಜನರೂ ವೈದ್ಯರೂ ತಿಳಿದಿದ್ದರು. ಘಟ್ಟದಲ್ಲಿಯೇ ಹುಟ್ಟಿ ಬೆಳೆದವರ ಮೈಗೆ ಚಿಕ್ಕಂದಿನಿಂದ ಜ್ವರವನ್ನುಂಡು ಸ್ವಲ್ಪಮಟ್ಟಿನ ತಾಳಿಕೆ ಬಂದಿರುತ್ತದೆ. ಹೊರಗಿನಿಂದ ಬಂದವನಿಗೆ ಅದಿಲ್ಲ. ಆದುದರಿಂದ ಕರಾವಳಿಯ ನೌಕರನ ಅಂಜಿಕೆಗೆ ವೈದ್ಯಶಾಸ್ತ್ರದ ಆಧಾರವಿತ್ತು.

ಇನ್ನೂ ಮುಖ್ಯವಾದ ಅಂಶವೊಂದುಂಟು. ಈ ಜ್ವರದ ಸಾಮಾನ್ಯ ರೂಪವು ದಿನ ಬಿಟ್ಟು ದಿನ ಬರುವಂಥದು. ಚಳಿಯೆದ್ದು ನಡುಗಿ, ಮೈಸುಟ್ಟು, ಬೆವತು, ಮರುದಿನ ಮನುಷ್ಯನು ಎದ್ದು ಕುಳಿತುಕೊಳ್ಳುತ್ತಾನೆ, ಸಂತೆಗೂ ಹೋಗಿಬರಬಲ್ಲನು. ಮೂರನೆಯ ದಿನ ಮತ್ತೆ ಮಲಗುತ್ತಾನೆ. ರಜೆಯಲ್ಲಿರುವ ಕಾರಕೂನನನ್ನು ನಡುವಣ ದಿನ ಪೇಟೆಯಲ್ಲಿ ಕಂಡ ಮೇಲಧಿಕಾರಿಗೆ ಏನು ತೋರೀತು? ಕಣ್ಣಾರೆ ಕಂಡ ಸಾಕ್ಷಿಯೇ ಇಲ್ಲಿ ತಪ್ಪುದಾರಿಗೆಳೆಯುತ್ತದೆ. ಮಲೇರಿಯವು ತನ್ನ ಸ್ವಭಾವದಿಂದಲೇ ನಿಜವಾದ ರೋಗಿಗೆ ಸೋಗುಗಾರನ ವೇಷವನ್ನು ತೊಡಿಸುವ ರೋಗ. ಬಹುಕಾಲ ನರಳಿದವರಲ್ಲಿ ಪ್ಲೀಹವು ಊದಿಕೊಳ್ಳುವುದರಿಂದ, ವೈದ್ಯನ ಕೈ ಹೊಟ್ಟೆಯ ಎಡಭಾಗವನ್ನು ಮುಟ್ಟಿದರೆ ಸತ್ಯ ತಿಳಿಯುತ್ತಿತ್ತು. ಆದರೆ ಆ ಕೈ ಎಲ್ಲಿತ್ತು?

ಸರಕಾರಿ ವ್ಯವಹಾರದಲ್ಲಿ ಕೊನೆಯ ಮಾತು ಜಿಲ್ಲೆಯ ಸಿವಿಲ್ ಸರ್ಜನನದು. ತಳಮಟ್ಟದ ನೌಕರನ ಪ್ರಮಾಣಪತ್ರದ ಮೇಲೆ ಸಂದೇಹ ಬಂದಾಗ ಎರಡನೆಯ ಅಭಿಪ್ರಾಯಕ್ಕಾಗಿ ಅವನನ್ನು ಆ ದರ್ಜೆಯ ವೈದ್ಯಾಧಿಕಾರಿಯ ಬಳಿಗೆ ಕಳುಹಿಸುವ ಅಧಿಕಾರವು ಮೇಲಿನವರಿಗೆ ಇತ್ತು. ಭಟ್ಕಳದಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಸೇತುವೆಗಳಾಗುವ ಮುನ್ನ ಶಿರಾಲಿಯ ಬಳಿ ವೆಂಕಟಾಪುರದ ಹೊಳೆ, ಹೊನ್ನಾವರದಲ್ಲಿ ಶರಾವತಿ, ಕುಮಟೆಯಾಚೆ ಅಘನಾಶಿನಿ, ಅಂಕೋಲೆಗೆ ಮೊದಲು ಗಂಗಾವಳಿ, ಇವನ್ನು ದೋಣಿಯಲ್ಲಿ ದಾಟಬೇಕಾಗಿತ್ತು. ಆಷಾಢ ಶ್ರಾವಣಗಳಲ್ಲಿ ಆ ಹೊಳೆಗಳ ರಭಸವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಈ ಪ್ರಯಾಣವನ್ನು ಮಾಡಬಲ್ಲವನು ಕಾಯಿಲೆಯವನಲ್ಲ. ಕಾಯಿಲೆಯವನು ಈ ಪ್ರಯಾಣವನ್ನು ಮಾಡಲಾರನು. ರೋಗವನ್ನು ಸಿದ್ಧಪಡಿಸಲು ಆರೋಗ್ಯ ಬೇಕಾಗಿತ್ತೆಂದರೆ ಅತಿಶಯೋಕ್ತಿಯಾಗದು. ಸೋಗುಗಾರನನ್ನು ಹಿಡಿಯಲೆಂದು ಮಾಡಿದ ನಿಯಮವು ಗಟ್ಟಿಮುಟ್ಟಾದ ಸೋಗುಗಾರನಿಗೆ ಸುಲಭವಾಗಿಯೂ ನಿಜವಾದ ರೋಗಿಗೆ ದುಸ್ಸಾಧ್ಯವಾಗಿಯೂ ಪರಿಣಮಿಸುವ ಸಂಭವ ಹೀಗೆ ಭೂಗೋಲದಲ್ಲಿಯೇ ಅಡಗಿತ್ತು.

ಇದಕ್ಕಿಂತಲೂ ಆಳವಾದ ತೊಡಕು ವೈದ್ಯಪದ್ಧತಿಯದು. 1912ರ ಮುಂಬಯಿ ವೈದ್ಯಕೀಯ ಕಾಯಿದೆಯು ನೋಂದಾಯಿತ ವೈದ್ಯರ ಪಟ್ಟಿಯನ್ನು ಸ್ಥಾಪಿಸಿ, ಕಾನೂನಿಗೆ ಬೇಕಾದ ಪ್ರಮಾಣಪತ್ರಗಳನ್ನು ಕೊಡುವ ಅಧಿಕಾರವನ್ನು ಪಾಶ್ಚಾತ್ಯ ಪದ್ಧತಿಯಲ್ಲಿ ತರಬೇತಾದ ಅಂಥವರಿಗೆ ಮೀಸಲಿಟ್ಟಿತು. ಆಯುರ್ವೇದ, ಯುನಾನಿ ವೈದ್ಯರ ನೋಂದಣಿಗೆ ಅವಕಾಶ ದೊರೆತುದು 1938ರ ಮುಂಬಯಿ ವೈದ್ಯವೃತ್ತಿಯವರ ಕಾಯಿದೆಯಿಂದ. ಈ ನಡುವಣ ಕಾಲದಲ್ಲಿ ಹಳ್ಳಿಯ ನೌಕರನೊಬ್ಬನು ಜ್ವರ ಬಂದಾಗ ಮನೆತನದ ಪಂಡಿತನಿಂದ ಕಷಾಯ ತೆಗೆದುಕೊಂಡು ಗುಣವಾದನೆನ್ನೋಣ. ಅವನ ರೋಗವೂ ನಿಜ, ಚಿಕಿತ್ಸೆಯೂ ನಿಜ. ಆದರೆ ಕಚೇರಿಗೆ ಬೇಕಾದ ಕಾಗದವನ್ನು ಆ ಪಂಡಿತನು ಕೊಡಲಾರನು. ಆಗ ಅವನು ತನ್ನನ್ನು ಎಂದೂ ನೋಡದ ಒಬ್ಬ ಡಾಕ್ಟರರ ಬಳಿಗೆ ಹೋಗಿ, ಶುಲ್ಕ ತೆತ್ತು, ಇಂತಿಷ್ಟು ದಿನ ತಮ್ಮ ಚಿಕಿತ್ಸೆಯಲ್ಲಿದ್ದನೆಂದು ಬರೆಯಿಸಿಕೊಳ್ಳಬೇಕಾಗುತ್ತದೆ. ನಿಜವಾದ ರೋಗಕ್ಕೆ ಹುಸಿಯಾದ ಪ್ರಮಾಣಪತ್ರವೆಂಬ ವಿಚಿತ್ರ ವಸ್ತು ಹುಟ್ಟುವುದು ಹೀಗೆ. ಒಮ್ಮೆ ಈ ದಾರಿ ತೆರೆದ ಮೇಲೆ ಅದರಲ್ಲಿ ಹುಸಿ ರೋಗಗಳೂ ನಡೆದು ಬರುವುದನ್ನು ತಡೆಯುವುದು ಕಷ್ಟ. ಪ್ರಮಾಣಪತ್ರದ ವ್ಯಾಪಾರವನ್ನು ನೌಕರರ ಅಪ್ರಾಮಾಣಿಕತೆಯಿಂದಲೇ ಹುಟ್ಟಿತೆಂದು ವಿವರಿಸುವವರು ಈ ಹಂತವನ್ನು ಮರೆಯುತ್ತಾರೆಂದು ನನ್ನ ಅಭಿಪ್ರಾಯ.

1922ರ ಜನವರಿ 1ರಿಂದ ಜಾರಿಗೆ ಬಂದ ಮೂಲ ನಿಯಮಗಳು, ಕಚೇರಿಯವರ ಬಾಯಲ್ಲಿ ‘ಫಂಡಮೆಂಟಲ್ ರೂಲ್ಸ್’, ಅದುವರೆಗಿನ ಚದುರಿದ ವಿಧಿಗಳಿಗೆ ಒಂದು ರೂಪವನ್ನು ಕೊಟ್ಟುವು. ರಜೆಯನ್ನು ಹಕ್ಕಾಗಿ ಕೇಳಲಾಗದೆಂಬುದು 67ನೆಯ ನಿಯಮ. ವೈದ್ಯಕೀಯ ಕಾರಣದ ಮೇಲೆ ಹೋದವನು ದೇಹಾರೋಗ್ಯದ ಪ್ರಮಾಣಪತ್ರವಿಲ್ಲದೆ ಮರಳಲಾಗದೆಂಬುದು 71ನೆಯದು. ಏಷ್ಯದ ಮೂಲನಿವಾಸಿಗಳಲ್ಲದವರಿಗೆ ಹೆಚ್ಚು ಉದಾರವಾದ ವಿಶೇಷ ರಜೆಯ ನಿಯಮಗಳು, ಉಳಿದವರಿಗೆ ಸಾಮಾನ್ಯ ನಿಯಮಗಳು. ಆಂಗ್ಲ ಅಧಿಕಾರಿಯು ಬಳಲಿಕೆಯನ್ನು ಬಳಲಿಕೆಯೆಂದೇ ಕರೆದು ರಜೆ ಪಡೆಯಬಹುದಾಗಿದ್ದಲ್ಲಿ ದೇಶೀಯ ನೌಕರನು ಅದಕ್ಕೊಂದು ರೋಗದ ಹೆಸರನ್ನು ಹುಡುಕಬೇಕಾಯಿತು.

ಆ ಹೆಸರು ಬಹುಮಟ್ಟಿಗೆ ಜ್ವರವೇ. ಅದು ಎಲ್ಲರಿಗೂ ಬರುವಂಥದು, ಗುರುತು ಬಿಡದೆ ಹೋಗುವಂಥದು. ಶಾಲೆಯ ವ್ಯಾಕರಣ ಪುಸ್ತಕಗಳಲ್ಲಿ ರಜೆಯ ಅರ್ಜಿಯ ಮಾದರಿಯು ಇಂದಿಗೂ ಜ್ವರದಿಂದಲೇ ಆರಂಭವಾಗುತ್ತದೆ. ಹತ್ತು ವರ್ಷದ ಹುಡುಗನು ಮೈ ಬೆಚ್ಚಗಿರದೆಯೇ ಜ್ವರದ ಅರ್ಜಿಯನ್ನು ಅಂದವಾಗಿ ಬರೆದು ಹತ್ತಕ್ಕೆ ಹತ್ತು ಅಂಕ ಪಡೆಯುತ್ತಾನೆ. ಮುಂದೆ ನೌಕರನಾದಾಗ ಅವನ ಲೇಖನಿಗೆ ಆ ವಾಕ್ಯವು ತಾನಾಗಿಯೇ ಬರುವುದರಲ್ಲಿ ಆಶ್ಚರ್ಯವೇನು?

ನೌಕರನಿಗೆ ರಜೆ ಬೇಕಾಗುವ ಕಾಲವಾದರೂ ಯಾವುದು? ಕರಾವಳಿಯ ಗುಮಾಸ್ತನೋ ಶಿಕ್ಷಕನೋ ಅನೇಕ ವೇಳೆ ಒಂದು ಗದ್ದೆಯ, ಒಂದು ತೋಟದ ಪಾಲುದಾರನೂ ಆಗಿರುತ್ತಾನೆ. ಮುಂಗಾರು ಹಿಡಿದಾಗ ಉಳುಮೆ ನಾಟಿಗಳು. ದೀಪಾವಳಿಯ ಆಸುಪಾಸಿನಲ್ಲಿ ಕೊಯ್ಲು. ಅನಂತರ ಅಡಕೆಯ ಕೊನೆ ಇಳಿಸುವ ಕೆಲಸ. ಜೊತೆಗೆ ಮದುವೆ, ಶ್ರಾದ್ಧ, ತೇರು. ಇವುಗಳಲ್ಲಿ ಯಾವುದನ್ನೂ ಅಂದಿನ ಕಚೇರಿ ರಜೆಗೆ ಗಟ್ಟಿಯಾದ ಕಾರಣವೆಂದು ಎಣಿಸುತ್ತಿರಲಿಲ್ಲ. ಕಷ್ಟವೇನೆಂದರೆ ಮಳೆಗಾಲ ಮತ್ತು ಮಳೆ ಹಿಂದೆಗೆದ ಮೇಲಿನ ತಿಂಗಳುಗಳು ಜ್ವರಕ್ಕೂ ಸಲ್ಲುವ ಕಾಲ. ಆದುದರಿಂದ ರಜೆಯ ದಾಖಲೆಗಳನ್ನು ಪಂಚಾಂಗದೊಡನೆ ಹೋಲಿಸಿ, ಕೊಯ್ಲಿನ ತಿಂಗಳಲ್ಲಿ ಅರ್ಜಿಗಳು ಹೆಚ್ಚಿದುದನ್ನು ಕಂಡು, ದುರುಪಯೋಗವನ್ನು ಸಾಬೀತುಪಡಿಸಿದೆವೆಂದು ಹೇಳುವ ಸಂಶೋಧಕನು ಅವಸರಪಟ್ಟಂತಾಗುತ್ತದೆ. ಗದ್ದೆಯೂ ಜ್ವರವೂ ಒಂದೇ ತಿಂಗಳಲ್ಲಿ ಕರೆಯುತ್ತಿದ್ದುವು.

ಇವೆರಡನ್ನು ಬೇರ್ಪಡಿಸಬಲ್ಲ ಘಟನೆಯೊಂದು ಈ ಜಿಲ್ಲೆಯಲ್ಲಿಯೇ ನಡೆಯಿತೆಂಬುದು ಚರಿತ್ರಕಾರನ ಸುದೈವ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945-46ರ ಸುಮಾರಿಗೆ, ಮುಂಬಯಿ ಪ್ರಾಂತದ ಮಲೇರಿಯ ಸಂಘಟನೆಯು ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಪ್ರಯೋಗವನ್ನು ಕೈಗೊಂಡಿತು. ಟಿ. ರಾಮಚಂದ್ರ ರಾಯರು ಈ ಕಾರ್ಯದಲ್ಲಿ ಅವರ ಸಹೋದ್ಯೋಗಿಗಳು. ಗ್ರಾಮೀಣ ಮಲೇರಿಯದ ಮೇಲೆ ಈ ವಿಧಾನವನ್ನು ವಿಸ್ತಾರವಾಗಿ ಪ್ರಯೋಗಿಸಿದವರಲ್ಲಿ ಇವರು ಮೊದಮೊದಲಿಗರು. ಪ್ಲೀಹವೃದ್ಧಿಯ ಪ್ರಮಾಣ ಇಳಿಯಿತು; ಇಲ್ಲಿಯ ಅನುಭವವು 1953ರ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮಕ್ಕೆ ಮೇಲ್ಪಂಕ್ತಿಯಾಯಿತು. ಜ್ವರವನ್ನು ಹಿಮ್ಮೆಟ್ಟಿಸಿದ ಈ ಒಂದು ಕಾರ್ಯವು ಘಟ್ಟದ ಕಚೇರಿಗಳ ಹಾಜರಿಗೆ ಮಾಡಿದ ಉಪಕಾರವನ್ನು ಯಾವ ಶಿಸ್ತಿನ ಸುತ್ತೋಲೆಯೂ ಮಾಡಿರಲಾರದು. ಆದರೆ ಸೊಳ್ಳೆ ಹೋದರೂ ಅರ್ಜಿಯೊಳಗಿನ ಜ್ವರ ಹೋಗಲಿಲ್ಲ. ಡಿ.ಡಿ.ಟಿ.ಯ ನಂತರವೂ ಅರ್ಜಿಯಲ್ಲಿ ಉಳಿದುಕೊಂಡ ಪಾಲಿನಲ್ಲಿ ಬೇರೆ ರೋಗಗಳ ಜೊತೆಗೆ ಗದ್ದೆ, ಮದುವೆ, ವರ್ಗದ ಅಂಜಿಕೆಗಳೂ ಇದ್ದುವೆಂದು ತಿಳಿಯಬೇಕು.

1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಮುಂಬಯಿಯ ನಿಯಮಗಳಲ್ಲಿ ಬೆಳೆದ ನೌಕರರು 1958ರ ಮೈಸೂರು, ಈಗಿನ ಕರ್ನಾಟಕ, ನಾಗರಿಕ ಸೇವಾ ನಿಯಮಗಳಿಗೆ ಒಳಪಟ್ಟರು. ಅರ್ಧವೇತನದ ರಜೆ ವರ್ಷಕ್ಕೆ 20 ದಿನ. ವೈದ್ಯಕೀಯ ಪ್ರಮಾಣಪತ್ರವಿದ್ದರೆ ಎರಡು ಅರ್ಧದಿನಗಳನ್ನು ಒಂದು ಪೂರ್ಣದಿನವಾಗಿ ಮಾರ್ಪಡಿಸಿಕೊಳ್ಳಬಹುದು. ಇಲ್ಲಿ ನಿಯಮವೇ ಪ್ರಮಾಣಪತ್ರಕ್ಕೊಂದು ಬೆಲೆ ಕಟ್ಟಿದೆ. ಅದಿಲ್ಲದಿದ್ದರೆ ಅರ್ಧ ಸಂಬಳ, ಇದ್ದರೆ ಪೂರ್ತಿ. ಬೇಸಗೆಯ ವಿರಾಮವುಳ್ಳ ಶಿಕ್ಷಕವರ್ಗಕ್ಕೆ ಗಳಿಕೆ ರಜೆ ಬೇರೆಯವರಿಗಿಂತ ಬಹಳ ಕಡಿಮೆ. ವಿರಾಮವು ಮೇ ತಿಂಗಳಿನದು, ನಾಟಿಯು ಜುಲೈಯದು. 2019ರಲ್ಲಿ ರಾಜ್ಯ ಸರಕಾರವು ನಾಲ್ಕನೆಯ ಶನಿವಾರದ ಬಿಡುವನ್ನು ಕೊಟ್ಟು ಸಾಂದರ್ಭಿಕ ರಜೆಯನ್ನು 15ರಿಂದ 10 ದಿನಗಳಿಗೆ ಇಳಿಸಿತು. ಶನಿವಾರವು ಎಲ್ಲರಿಗೂ ಒಂದೇ ದಿನ ಬರುತ್ತದೆ, ಮನೆಯ ತಾಪತ್ರಯ ಹಾಗೆ ಬರುವುದಿಲ್ಲ. ಕಾರಣ ಹೇಳದೆ ಪಡೆಯಬಹುದಾದ ರಜೆ ಕಿರಿದಾದಾಗ ಕಾರಣ ಹೇಳಿ ಪಡೆಯುವ ರಜೆಯ ಮೇಲೆ ಒತ್ತಡ ಬೀಳುವುದು ಸಹಜ.

ಕಾರ್ಖಾನೆಗಳ ಕಾರ್ಮಿಕರನ್ನು ಕುರಿತು ಇಲ್ಲಿ ಹೆಚ್ಚು ಹೇಳುವಂತಿಲ್ಲ. ಈ ಮೂರು ತಾಲೂಕುಗಳ ದುಡಿಮೆ ಹೆಚ್ಚಾಗಿ ಗದ್ದೆ, ತೋಟ, ಮೀನುಗಾರಿಕೆ, ವ್ಯಾಪಾರಗಳದು. ಬಿ. ಪಿ. ಅಡಾರಕರರ 1944ರ ವರದಿಯ ಫಲವಾಗಿ ಬಂದ 1948ರ ನೌಕರರ ರಾಜ್ಯ ವಿಮಾ ಕಾಯಿದೆಯನ್ನು ಮಾತ್ರ ಹೆಸರಿಸಬೇಕು. ಅದರಡಿಯ ಯೋಜನೆ 1952ರ ಫೆಬ್ರವರಿಯಲ್ಲಿ ಕಾನಪುರ, ದಿಲ್ಲಿಗಳಲ್ಲಿ ಆರಂಭವಾಯಿತು. ಅನಾರೋಗ್ಯದ ಮೊದಲ ಎರಡು ದಿನಗಳಿಗೆ ಭತ್ಯೆಯಿಲ್ಲವೆಂಬ ವಿಧಿ ಇಂಥ ವಿಮೆಯಲ್ಲಿ ಸಣ್ಣಪುಟ್ಟ ಸೋಗುಗಳನ್ನು ತಡೆಯಲೆಂದು ಇರುವಂಥದು. ಎರಡು ದಿನ ಕಳೆದುಕೊಂಡವನು ಮೂರನೆಯ ದಿನವೇ ಮರಳುವ ಬದಲು ಇನ್ನೂ ನಾಲ್ಕು ದಿನ ಉಳಿಯುವ ಆಸೆಯನ್ನೂ ಅದೇ ವಿಧಿ ಹುಟ್ಟಿಸಬಲ್ಲದು. ಅದೇ ಕಾಯಿದೆಯ 73ನೆಯ ಕಲಮು, ಅನಾರೋಗ್ಯ ಭತ್ಯೆ ಪಡೆಯುತ್ತಿರುವವನನ್ನು ಆ ಕಾಲದಲ್ಲಿ ಕೆಲಸದಿಂದ ತೆಗೆಯಕೂಡದೆಂದು ಮಾಲಿಕನ ಕೈಯನ್ನು ಹಿಡಿಯುತ್ತಿತ್ತು.

ಸರಕಾರಿ ನೌಕರನಿಗೆ ಇಂಥ ರಕ್ಷಣೆ ದೊರೆತುದು ನ್ಯಾಯಾಲಯಗಳಿಂದ. ಜೋಧಪುರದ ಕಾರಾಗೃಹದ ವಾರ್ಡರನೊಬ್ಬನು ವೈದ್ಯಕೀಯ ಕಾರಣದ ಮೇಲೆ ರಜೆಯನ್ನು ಬೆಳೆಸುತ್ತ ಹೋದಾಗ, ಅವಧಿ ಮೀರಿದವನ ಸೇವೆ ತಾನಾಗಿ ಮುಗಿಯಿತೆಂದು ಅವನನ್ನು ಬಿಡಿಸಲಾಗಿತ್ತು. ಆ ಜೈ ಶಂಕರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅವನ ಮಾತನ್ನು ಕೇಳದೆ ತೆಗೆದುದು ಸಂವಿಧಾನದ 311ನೆಯ ವಿಧಿಗೆ ವಿರುದ್ಧವೆಂದು ತೀರ್ಮಾನಿಸಿತು. 2012ರ ಕೃಷ್ಣಕಾಂತ್ ಪರ್ಮಾರ್ ಮೊಕದ್ದಮೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೈರುಹಾಜರಿಯೆಲ್ಲವೂ ದುರ್ನಡತೆಯಲ್ಲ, ಅದು ಬೇಕೆಂದೇ ಮಾಡಿದ್ದೆಂಬುದನ್ನು ಇಲಾಖೆಯು ಸಾಧಿಸಿ ತೋರಿಸಬೇಕು ಎಂದಿತು. ದಿನ ಬಿಟ್ಟು ದಿನ ಜ್ವರ ಬಂದ ಕಾರಕೂನನ ಪಾಲಿಗೆ ಈ ತತ್ತ್ವ ಬಹಳ ತಡವಾಗಿ ಬಂದಿತು.

ಎಣಿಕೆಯ ಮಾತಿಗೆ ಬಂದರೆ, ಗೈರುಹಾಜರಿಯ ಅಂಕಿಗಳನ್ನು ಓದುವಾಗ ವಿದ್ಯಾರ್ಥಿಗಳು ಬಹಳ ಎಚ್ಚರದಿಂದಿರಬೇಕು. ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ಭಾರತದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶೇಕಡಾ 25ರಷ್ಟು ಶಿಕ್ಷಕರು ಶಾಲೆಯಲ್ಲಿರಲಿಲ್ಲವೆಂದು ಹೇಳಿತು. 2017ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ 619 ಶಾಲೆಗಳನ್ನು ನೋಡಿ, ಮಂಜೂರಾದ ರಜೆ ಮತ್ತು ಸರಕಾರಿ ಕೆಲಸದ ಮೇಲೆ ಹೊರಗಿದ್ದವರನ್ನು ಕಳೆದಾಗ ಕಾರಣವಿಲ್ಲದೆ ಗೈರಾದವರು ಶೇಕಡಾ 2.5 ಮಾತ್ರವೆಂದಿತು. ಕಾಲವೂ ಕ್ಷೇತ್ರವೂ ಬೇರೆಯಾದುದರಿಂದ ಇವೆರಡನ್ನು ನೇರವಾಗಿ ಹೋಲಿಸಲಾಗದು. ಆದರೆ ಯಾವುದನ್ನು ತಪ್ಪೆಂದು ಎಣಿಸುತ್ತೇವೆಂಬುದರ ಮೇಲೆ ಅಂಕಿ ಎಷ್ಟು ಅವಲಂಬಿಸಿದೆಯೆಂಬುದು ಸ್ಪಷ್ಟ. ಇನ್ನೊಂದು ಪ್ರಯೋಗ ನಮ್ಮ ರಾಜ್ಯದ್ದೇ. 2010ರಿಂದ ಕರ್ನಾಟಕದ ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳಚ್ಚಿನ ಹಾಜರಿ ಯಂತ್ರಗಳನ್ನಿಟ್ಟು ಇಕ್ಬಾಲ್ ಧಾಲಿವಾಲ್ ಮತ್ತು ರೀಮಾ ಹನ್ನಾ ಪರೀಕ್ಷಿಸಿದರು. ದಾದಿಯರು, ಪ್ರಯೋಗಶಾಲೆಯವರು, ಔಷಧಿ ಕೊಡುವವರು, ಇವರ ಹಾಜರಿ ಹೆಚ್ಚಿತು. ವೈದ್ಯರ ಹಾಜರಿ ಹೆಚ್ಚಲಿಲ್ಲ. ವೈದ್ಯರ ಕೊರತೆಯಿದ್ದ ಸರಕಾರಕ್ಕೆ ಅವರನ್ನು ದಂಡಿಸುವ ಉತ್ಸಾಹವೂ ಇರಲಿಲ್ಲ. ಉಳಿದ ಇಲಾಖೆಗಳ ನೌಕರರ ಕಾಯಿಲೆಗೆ ಸಾಕ್ಷಿ ಹೇಳತಕ್ಕ ವರ್ಗವೂ ಇದೇ.

ಈ ತಾಲೂಕುಗಳಲ್ಲಿ ಮಲೇರಿಯದ ಸ್ಥಾನಕ್ಕೆ ಈಗ ಮತ್ತೊಂದು ಜ್ವರ ಬಂದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಗುರುತಾದ ಮಂಗನ ಕಾಯಿಲೆಯು ಮುಂದಿನ ದಶಕಗಳಲ್ಲಿ ಹೊನ್ನಾವರ, ಸಿದ್ದಾಪುರಗಳ ಕಡೆಗೂ ಹರಡಿತು. ಉಣ್ಣೆಯ ಕಡಿತದಿಂದ ಬರುವ ಈ ರೋಗವು ಚಳಿಗಾಲದಿಂದ ಬೇಸಗೆಯವರೆಗೆ, ಕಾಡಿನೊಳಗೆ ಓಡಾಡುವವರನ್ನು, ಎಂದರೆ ಅರಣ್ಯ ರಕ್ಷಕರನ್ನೂ ದಿನಗೂಲಿಯವರನ್ನೂ ಸೊಪ್ಪು ತರುವ ರೈತರನ್ನೂ ಹಿಡಿಯುತ್ತದೆ. ಹಳೆಯ ಚಳಿಜ್ವರದಂತೆ ಇದಕ್ಕೂ ನಡುವೆ ಬಿಡುವುಂಟು. ಮೊದಲ ಜ್ವರವಿಳಿದು ಒಂದೆರಡು ವಾರ ಸುಖವಾಗಿದ್ದ ಮೇಲೆ ಕೆಲವರಲ್ಲಿ, ಹತ್ತರಲ್ಲಿ ಒಬ್ಬಿಬ್ಬರಲ್ಲಿ, ಎರಡನೆಯ ಜ್ವರ ತಲೆನೋವು ನಡುಕಗಳೊಡನೆ ಮರಳುತ್ತದೆ. ಅರಣ್ಯ ರಕ್ಷಕನು ದೇಹಾರೋಗ್ಯದ ಪ್ರಮಾಣಪತ್ರವನ್ನು ಸಲ್ಲಿಸಿ ಕೆಲಸಕ್ಕೆ ಹಾಜರಾಗುವುದು ಸಾಮಾನ್ಯವಾಗಿ ಆ ಬಿಡುವಿನ ವಾರಗಳಲ್ಲಿಯೇ. ದಿನಗೂಲಿಯವನಿಗೆ ಸಲ್ಲಿಸಲು ಪ್ರಮಾಣಪತ್ರವೂ ಇಲ್ಲ, ಪಡೆಯಲು ರಜೆಯೂ ಇಲ್ಲ.